ಚರೆಯ ಕೋವಿ ರೈಫಲಾದ ಬಗೆ

ಹಳೆಯ ಜೋಡುನಳಿಗೆಯ ಚರೆಕೋವಿಯನ್ನು ಆನೆ ಕಾಟಿಗಳನ್ನು ಕೆಡಹಬಲ್ಲ ದಪ್ಪ ಗುಂಡಿನ ರೈಫಲನ್ನಾಗಿ ಮಾರ್ಪಡಿಸಬಹುದೇ ಎಂಬುದು ಬೇಟೆಯ ಕಾಲದಲ್ಲಿ ವಿನೋದದ ಪ್ರಶ್ನೆಯಾಗಿರಲಿಲ್ಲ. ಎದುರಿಗೆ ನುಗ್ಗಿ ಬರುವ ಆನೆಯನ್ನು ಮೊದಲನೆಯ ಗುಂಡು ನಿಲ್ಲಿಸದಿದ್ದರೆ ಎರಡನೆಯದೇ ಗತಿ. ಅದೂ ತಪ್ಪಿದರೆ ಗತಿಯಿಲ್ಲ.

ಕೋವಿಯ ಅಳತೆಯನ್ನು ಮೊದಲು ತಿಳಿಯೋಣ. ನಳಿಗೆಗೆ ಸರಿಹೊಂದುವ ಎಷ್ಟು ಉಂಡೆಗಳನ್ನು ಒಂದು ಪೌಂಡು ಸೀಸದಿಂದ ಎರೆಯಬಹುದೋ ಅದೇ ಆ ನಳಿಗೆಯ ಅಂಕಿ. ಆದುದರಿಂದ ಅಂಕಿ ಇಳಿದಷ್ಟೂ ಗುಂಡು ದಪ್ಪ. 12ರ ಗುಂಡು ಸುಮಾರು 38 ಗ್ರಾಂ, 8ರದು 57, 4ರದು 113. ಮೈಸೂರು ಸಂಸ್ಥಾನದ ಕಾಲುವೆಗಳ ಕೆಲಸದಲ್ಲಿದ್ದು ಖೆಡ್ಡಾ ನಡೆಸಿ ಹೆಸರಾದ ಸ್ಯಾಂಡರ್ಸನ್ನರು, 1878ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆನೆಗೆ ಇಂತಹ ಭಾರಿ ಕೋವಿಗಳೇ ತಕ್ಕವೆಂದರು. ಆಗ ಇದ್ದುದು ಕರಿಮದ್ದು. ಗುಂಡಿನ ವೇಗ ಕಡಮೆಯಾದ ಕಾರಣ ತೂಕದಿಂದಲೇ ಕೆಲಸ ಸಾಧಿಸಬೇಕಾಗಿದ್ದಿತು.

ಚರೆಕೋವಿಯ ನಳಿಗೆ ಒಳಗೆ ನುಣುಪು. ಅದರಿಂದ ಹಾರಿಸಿದ ಒಂಟಿ ಗುಂಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗುರಿ ಬಿಟ್ಟು ಓಲಾಡುವುದು. ರೈಫಲಿನ ಒಳಗಾದರೋ ಸುರುಳಿಯಾಗಿ ಕೊರೆದ ಗೀರುಗಳುಂಟು. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹುವುವು. ಭರತಖಂಡದ ಸೈನ್ಯದಲ್ಲಿದ್ದು 1863ರ ಅಂಬೇಲಾ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಫಾಸ್ಬರಿ ಎಂಬವರು 1885ರಲ್ಲಿ ಒಂದು ಜಾಣ್ಮೆಯ ಉಪಾಯಕ್ಕೆ ಸನದು ಪಡೆದರು. ನಳಿಗೆಯ ಬಾಯ ಬಳಿ ಕೆಲವೇ ಅಂಗುಲಗಳಷ್ಟು ಗೀರು, ಉಳಿದುದೆಲ್ಲ ನುಣುಪು. ಹಕ್ಕಿಗೆ ಚರೆ, ಹುಲಿಗೆ ಗುಂಡು, ಎರಡಕ್ಕೂ ಒಂದೇ ಕೋವಿ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಾರ್ಖಾನೆಯವರು ಇದನ್ನು ಪ್ಯಾರಡಾಕ್ಸ್ ಎಂದು ಮಾರಿದರು. ನಮ್ಮ ಆಲಂಕಾರಿಕರು ವಿರೋಧಾಭಾಸವೆನ್ನುವುದು ಇದನ್ನೇ.

ಆದರೆ ಅದು ಹೊಸದಾಗಿ ಕಟ್ಟಿದ ಕೋವಿ. ಮನೆಯಲ್ಲಿದ್ದ ಹಳೆಯ ಕೋವಿಯ ಮಾತು ಬೇರೆ. ಅದರ ನಳಿಗೆ ಬುಡದಲ್ಲಿ ದಪ್ಪ, ಮುಂದೆ ತೆಳು. ಗೀರು ಕೊರೆದರೆ ಮತ್ತಷ್ಟು ತೆಳುವಾಗುವುದು. ಹಳೆಯ ನಳಿಗೆಗಳು ಎಷ್ಟೋ ವೇಳೆ ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ಬಗೆಯವು. ನೋಡಲು ಬಲು ಚೆಲುವು, ಕಾರ್ಡೈಟಿನಂತಹ ಹೊಸ ಮದ್ದಿನ ಒತ್ತಡಕ್ಕೆ ತಕ್ಕವಲ್ಲ. ಅಂತಹ ನಳಿಗೆ ಸಿಡಿದರೆ ಮೊದಲು ಹೋಗುವುದು ಅದನ್ನು ಕೆಳಗಿನಿಂದ ಹಿಡಿದ ಎಡಗೈ. ಎರಡು ನಳಿಗೆಗಳೂ ಒಂದೇ ಗುರಿಗೆ ಹೊಡೆಯುವಂತೆ ಹೊಂದಿಸುವುದು ಇನ್ನೂ ಕಷ್ಟ. ಹಾರಿಸಿ ನೋಡಿ, ಬೆಸುಗೆ ಕಾಯಿಸಿ, ತುದಿಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸಬೇಕು. ಇಷ್ಟಾದ ಮೇಲೂ ಆ ಹೊಂದಿಕೆ ಒಂದೇ ಬಗೆಯ ತೋಟಾಕ್ಕೆ ಮಾತ್ರ. ಮದ್ದು ಬದಲಾಯಿತೆಂದರೆ ಎಡ ಬಲಗಳ ಗುಂಡುಗಳು ಬೇರೆ ಬೇರೆ ದಾರಿ ಹಿಡಿಯುವುವು. ಕುಲುಮೆಯ ಕೈಚಳಕವೊಂದರಿಂದಲೇ ಇದನ್ನು ಸಾಧಿಸಬಹುದೆಂಬ ಮಾತನ್ನು ನಾವು ಒಪ್ಪಲಾರೆವು.

1959ರ ಶಸ್ತ್ರ ಕಾನೂನಿನಂತೆ ಕೋವಿಯ ಮಾರ್ಪಾಟಿಗೂ ಲೈಸೆನ್ಸು ಬೇಕು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಆನೆಯ ರೈಫಲಿಗೆ ನಮ್ಮಲ್ಲಿ ಕೆಲಸವೇ ಉಳಿಯಲಿಲ್ಲ. ಜಯನಗರದಿಂದ ದಕ್ಷಿಣಕ್ಕೆ ಹೊರಟರೆ ಸಿಕ್ಕುವ ಬನ್ನೇರುಘಟ್ಟದ ಕಾಡು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಆನೆಗಳು ರಾಗಿಯ ಹೊಲಕ್ಕಿಳಿದರೆ ಅರಣ್ಯ ಇಲಾಖೆಯವರು ಪಟಾಕಿ ಹೊಡೆದು ಹಿಂದಕ್ಕಟ್ಟುವರು.