ಅಂಚೆಯಲ್ಲಿ ಬಂದ ವಿದ್ಯೆ

ದುಡಿಮೆ ಬಿಡದೆ, ಮನೆ ತೊರೆಯದೆ ಪದವಿ ಪಡೆಯುವ ದಾರಿಗೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಕಾಲೇಜಿನ ಹಾಜರಿಯಿಲ್ಲದವರಿಗೂ ತನ್ನ ಪರೀಕ್ಷೆಗಳನ್ನು ತೆರೆಯಿತು. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು ಆರಂಭಿಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ಹಾದಿ ಹಿಡಿಯಿತು.

ಇದರ ಬೆಲೆಯನ್ನು ಅರಿಯಬೇಕಾದರೆ ಅಂದಿನ ಊರುಗಳನ್ನು ನೆನೆಯಬೇಕು. ಎಸ್ಸೆಸ್ಸೆಲ್ಸಿಯ ಬಳಿಕ ಟಿ.ಸಿ.ಎಚ್. ಮುಗಿಸಿ ಹಳ್ಳಿಯ ಶಾಲೆ ಸೇರಿದ ಉಪಾಧ್ಯಾಯರಿಗೆ, ಕಚೇರಿಯ ಗುಮಾಸ್ತರಿಗೆ, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳಿಗೆ ಸಂಬಳವನ್ನೋ ಸಂಸಾರವನ್ನೋ ಬಿಟ್ಟು ಪಟ್ಟಣದ ಕಾಲೇಜಿಗೆ ಹೋಗುವುದು ಆಗದ ಮಾತಾಗಿತ್ತು. ಅಂಥವರ ಬಾಗಿಲಿಗೆ ಅಂಚೆಯವನು ಪಾಠಗಳ ಕಟ್ಟನ್ನು ತಂದನು. ಹಗಲು ದುಡಿಮೆ, ರಾತ್ರಿ ಓದು, ನಡುವೆ ಸಂಪರ್ಕ ತರಗತಿ.

1996ರಲ್ಲಿ ಮೈಸೂರಿನ ಆ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2013-14ರ ಸಾಲಿನಿಂದ ಅದಕ್ಕೆ ಮಾನ್ಯತೆಯಿಲ್ಲವೆಂದು 2015ರಲ್ಲಿ ಯು.ಜಿ.ಸಿ. ಪ್ರಕಟಿಸಿದಾಗ ಸಾವಿರಾರು ಮಂದಿಯ ಶ್ರಮವು ಅತಂತ್ರವಾಯಿತು. 2018ರಲ್ಲಿ ಮಾನ್ಯತೆ ಮರಳಿತು. ಕಾದು ಕಳೆದ ವರ್ಷಗಳು ಮರಳಲಿಲ್ಲ. ನಿದ್ದೆಗೆಟ್ಟು ಓದುವುದು ವಿದ್ಯಾರ್ಥಿಯ ಕೆಲಸ. ಆ ಓದಿನ ಬೆಲೆ ಕಾಯುವುದು ಸಂಸ್ಥೆಗಳ ಹೊಣೆ.