ಸ್ನ್ಯಾಪ್ ನೆರವು ಸ್ಥಗಿತ, 2025

ಅಮೆರಿಕದಲ್ಲಿ ಸುಮಾರು 4.2 ಕೋಟಿ ಜನರಿಗೆ ದಿನಸಿ ಕೊಳ್ಳಲು ನೆರವಾಗುವ ಕೇಂದ್ರ ಯೋಜನೆ ‘ಸ್ನ್ಯಾಪ್’. ನಮ್ಮ ಪಡಿತರದಂತೆ ಇಲ್ಲಿ ಅಕ್ಕಿ ತೂಗಿ ಕೊಡುವುದಿಲ್ಲ. ತಿಂಗಳಿಗೊಮ್ಮೆ ಇಬಿಟಿ ಕಾರ್ಡಿಗೆ ಹಣ ಜಮೆಯಾಗುತ್ತದೆ, ಫಲಾನುಭವಿ ಅದನ್ನು ಅಂಗಡಿಯಲ್ಲಿ ಉಜ್ಜಿ ಹಾಲು, ಬ್ರೆಡ್ಡು, ತರಕಾರಿ ಕೊಳ್ಳುತ್ತಾನೆ. 2025ರ ಅಕ್ಟೋಬರ್ 1ರಂದು ಬಜೆಟ್ ಜಟಾಪಟಿಯಿಂದ ಕೇಂದ್ರ ಸರ್ಕಾರದ ಕೆಲಸ ನಿಂತಿತು. ನವೆಂಬರ್ 1ರಂದು ಕಾರ್ಡಿಗೆ ಹಣ ಬರಲಿಲ್ಲ.

ರಾಜ್ಯಗಳು ಒಂದೊಂದು ದಾರಿ ಹಿಡಿದವು. ನ್ಯೂಯಾರ್ಕ್ ತುರ್ತುಸ್ಥಿತಿ ಘೋಷಿಸಿತು. ಕ್ಯಾಲಿಫೋರ್ನಿಯಾ ಆಹಾರ ಬ್ಯಾಂಕುಗಳಿಗೆ 8 ಕೋಟಿ ಡಾಲರ್ ಕೊಟ್ಟಿದ್ದಲ್ಲದೆ, ಪೊಟ್ಟಣ ಕಟ್ಟಲು ನ್ಯಾಷನಲ್ ಗಾರ್ಡ್ ಯೋಧರನ್ನೂ ಕಳಿಸಿತು. ಪುಟ್ಟ ವರ್ಮಾಂಟ್ ತನ್ನದೇ ಖಜಾನೆಯಿಂದ 15 ದಿನಗಳ ನೆರವು ಭರಿಸಲು ಮುಂದಾಯಿತು. ದೊಡ್ಡ ರಾಜ್ಯಗಳಿಗೆ ಅಷ್ಟು ಎದೆಗಾರಿಕೆ ಸುಲಭವಿರಲಿಲ್ಲ, ಏಕೆಂದರೆ ದೇಶಕ್ಕೆ ತಿಂಗಳ ಖರ್ಚೇ 800 ಕೋಟಿ ಡಾಲರ್ ದಾಟುತ್ತದೆ.

ಆಹಾರ ಬ್ಯಾಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಹಲವು ಹೋಟೆಲುಗಳು ಮಕ್ಕಳಿಗೆ ಬಿಟ್ಟಿ ಊಟ ಹಾಕಿದವು.

ಮೀಸಲು ನಿಧಿ ಬಳಸುವಂತೆ ರೋಡ್ ಐಲೆಂಡಿನ ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು, ಬಳಿಕ ಪೂರ್ತಿ ಹಣ ಕೊಡಿ ಎಂದಿತು. ವಿಸ್ಕಾನ್ಸಿನ್ ತಡಮಾಡದೆ ಜಮೆ ಮಾಡಿತು. ಅಷ್ಟರಲ್ಲಿ ಸುಪ್ರೀಂ ಕೋರ್ಟಿನಿಂದ ತಾತ್ಕಾಲಿಕ ತಡೆ ಬಂತು. ಕೊಟ್ಟದ್ದನ್ನು ಹಿಂಪಡೆಯಿರಿ ಎಂದು ಸ್ನ್ಯಾಪ್ ನಡೆಸುವ ಕೇಂದ್ರ ಕೃಷಿ ಇಲಾಖೆ ರಾಜ್ಯಗಳಿಗೆ ಸೂಚಿಸಿತು. ವಿಸ್ಕಾನ್ಸಿನ್ ಗವರ್ನರ್ ಟೋನಿ ಎವರ್ಸ್ ಒಪ್ಪಲಿಲ್ಲ. ನವೆಂಬರ್ 12ರಂದು ಸರ್ಕಾರ ಮತ್ತೆ ತೆರೆಯಿತು, ಸ್ನ್ಯಾಪ್‌ಗೆ 2026ರ ಸೆಪ್ಟೆಂಬರ್‌ವರೆಗೆ ಹಣ ಮಂಜೂರಾಯಿತು.