ಗುಬ್ಬಿ ಕಂಪನಿಯೂ ಹದಿನೈದು ವರ್ಷದ ಕರಾರೂ

ಒಂದು ದಿನ ಹುಲಿ, ಮರುದಿನ ಇಲಿ.. ಇಂಥ ಆಟಗಾರನ ಜೊತೆ ವರ್ಷಗಟ್ಟಲೆ ಕರಾರು ಮಾಡಿಕೊಳ್ಳಬಹುದಾ?

ಅಮೆರಿಕದ ಐಸ್ ಹಾಕಿಯಲ್ಲಿ ಇದಕ್ಕೊಂದು ದುಬಾರಿ ಪಾಠವಿದೆ. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ 2006ರಲ್ಲಿ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊಗೆ 15 ವರ್ಷಕ್ಕೆ 6.75 ಕೋಟಿ ಡಾಲರ್ ಕೊಡಲು ಒಪ್ಪಿತು. ಆಮೇಲೆ ಗಾಯದ ಮೇಲೆ ಗಾಯ. 2013ರಲ್ಲಿ ತಂಡ ಕರಾರು ಕಡಿದುಕೊಂಡಿತು. ಅದಕ್ಕೂ 2029ರ ತನಕ ವರ್ಷಕ್ಕೆ 15 ಲಕ್ಷ ಡಾಲರ್ ತೆರಬೇಕು! ಅದೇ ವರ್ಷ ಅಲ್ಲಿನ ಲೀಗ್ ಕರಾರುಗಳಿಗೆ 8 ವರ್ಷದ ಮಿತಿ ಹಾಕಿತು.

ಹಾಗಂತ ಕರಾರು ಚಿಕ್ಕದು ಮಾಡಿದರೆ ನಷ್ಟ ಮಾಯವಾಗುತ್ತಾ? ಇಲ್ಲ, ಅದು ಆಟಗಾರನ ತಲೆ ಮೇಲೆ ಬೀಳುತ್ತೆ, ಅಷ್ಟೆ. ಮಂಡಿ ಮುರಿದವನು ಮನೆಗೆ ಹೋಗಬೇಕು.

ತುಮಕೂರು ಕಡೆಯವನಾದ ನನಗೆ ಇಲ್ಲಿ ನೆನಪಾಗೋದು ನಮ್ಮ ಗುಬ್ಬಿ ಕಂಪನಿ. 1884ರಲ್ಲಿ ಶುರುವಾದ ನಾಟಕ ಕಂಪನಿ ಅದು. ನಾಟಕದವರಿಗೂ ಇದೇ ತಲೆನೋವು. ಚೆನ್ನಾಗಿ ಹಾಡೋ ಹುಡುಗನ ದನಿ ಒಡೆದರೆ ಪಾತ್ರವೇ ಹೋಯ್ತು. ಆದರೂ ಕಂಪನಿ ಚಿಕ್ಕ ಹುಡುಗರನ್ನು ಸೇರಿಸಿಕೊಂಡು ಬೆಳೆಸುತ್ತಿತ್ತು. ಹಾಗೆ ಬಾಲನಟನಾಗಿ ಸೇರಿದ ವೀರಣ್ಣ 1917ರಲ್ಲಿ ಕಂಪನಿಗೇ ಮಾಲೀಕರಾದರು.

ಮಾಲೀಕರಾದ ಮೇಲೆ ಅವರು ಮಾಡಿದ್ದೂ ಅದನ್ನೇ. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತ ಎಂಬ ಹುಡುಗ ಈ ಕಂಪನಿಯಲ್ಲಿ ಬೆಳೆದ. ಮುಂದೆ ಅವನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಆ ಹುಡುಗ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ರಾಜ್‌ಕುಮಾರ್, ನರಸಿಂಹರಾಜು ಕೂಡ ಇಲ್ಲೇ ಪಳಗಿ ಸಿನಿಮಾಕ್ಕೆ ಹೋದವರು. 1954ರ 'ಬೇಡರ ಕಣ್ಣಪ್ಪ' ತೆಗೆಯುವಾಗ ವೀರಣ್ಣನವರೂ ಪಾಲುದಾರರಾಗಿದ್ದರು, ನಿಜ. ಆದರೆ ಒಟ್ಟು ಲಾಭ ಸಿಕ್ಕಿದ್ದು ಕಂಪನಿಯ ಗಲ್ಲಾಪೆಟ್ಟಿಗೆಗಲ್ಲ, ಕನ್ನಡಕ್ಕೆ.

ಕುಣಿಗಲ್ಲಿನ ಕುದುರೆ ಫಾರ್ಮಿನ ಲೆಕ್ಕವೂ ಇದೇ. ಹುಟ್ಟಿದ ಮರಿಗಳಿಗೆಲ್ಲ ಮೇವು ಹಾಕಬೇಕು, ರೇಸ್ ಗೆಲ್ಲೋದು ಕೆಲವೇ. ಎಲ್ಲ ದುಡ್ಡನ್ನೂ ಒಂದೇ ಕುದುರೆಗೆ ಸುರಿದರೆ ಅದು ಸಾಕಣೆ ಅಲ್ಲ, ಜೂಜು. ಐಲ್ಯಾಂಡರ್ಸ್ ಮಾಡಿದ್ದು ಜೂಜು, ವೀರಣ್ಣನವರು ಮಾಡಿದ್ದು ಸಾಕಣೆ.

ಅದಕ್ಕೇ ನಾನು ಹೇಳೋದು: ದೊಡ್ಡ ಸಂಬಳದ ಕರಾರು ಎರಡು ಮೂರು ವರ್ಷದ್ದಿರಲಿ. ಆದರೆ ಊಟ, ತರಬೇತಿ, ಗಾಯವಾದಾಗ ಆರೈಕೆ.. ಇವುಗಳ ಮಾತು ದೀರ್ಘಕಾಲದ್ದಿರಲಿ, ಅದೂ ತಂಡದ ಎಲ್ಲರಿಗೂ. ಬೆಳೆದವನು ಬೇರೆ ಕಡೆ ಹೋಗಬಹುದು. ಆ ನಷ್ಟವನ್ನು ತಡೆದುಕೊಳ್ಳುವ ಮಾಲೀಕರು ಇವತ್ತು ಎಷ್ಟು ಜನ ಇದ್ದಾರೆ ಅನ್ನೋದೇ ಪ್ರಶ್ನೆ.

ನೀವೇನಂತೀರಿ?